ಗೆರೆ ಮೇಸ್ತ್ರಿಯ ಹಲಗೆ

ಬೀದಿಯವರು ಅವನಿಗೆ ಗೆರೆ ಮೇಸ್ತ್ರಿ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಹಗಲೆಲ್ಲ ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಬಡಗಿ ಕೆಲಸ, ಸಂಜೆಯಾದರೆ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಮತ್ತದೇ ಕೆಲಸ. ಹತ್ತಡಿಗೆ ಎಂಟಡಿಯ ಆ ಶೆಡ್ಡಿನ ಒಂದು ಗೋಡೆಯ ತುಂಬ ಬಿಳಿ ಬಣ್ಣ ಬಳಿದ ಪ್ಲೈವುಡ್ ಹಲಗೆ. ಪ್ರತಿಯೊಂದು ಹತಾರವನ್ನೂ ಅದಕ್ಕೆ ಒತ್ತಿ ಹಿಡಿದು ಸುತ್ತ ಕೆಂಪು ಗೆರೆ ಎಳೆದಿದ್ದ. ಸುತ್ತಿಗೆಗೆ ಸುತ್ತಿಗೆಯ ಗೆರೆ, ಇಕ್ಕಳಕ್ಕೆ ಇಕ್ಕಳದ ಗೆರೆ, ಏಳು ಉಳಿಗಳಿಗೆ ಅಗಲದ ಪ್ರಕಾರ ಸಾಲಾಗಿ ಏಳು ಗೆರೆ. ಒಂದು ಜಾಗ ಖಾಲಿ ಕಂಡರೆ ಅವನಿಗೆ ಊಟ ಸೇರುತ್ತಿರಲಿಲ್ಲ. “ಕೇಳಿದ್ರೆ ಕಿಡ್ನಿ ಕೊಟ್ಟಾನು, ಉಳಿ ಮಾತ್ರ ಕೊಡಲ್ಲ” ಎಂದು ಪಕ್ಕದ ಮನೆಯವನು ನಗುತ್ತಿದ್ದ. ಹೆಂಡತಿಗೆ ನಗು ಬರುತ್ತಿರಲಿಲ್ಲ. “ನಿನ್ನ ಸುತ್ತಿಗೆಗೆ ಮಲಗೋಕೆ ಜಾಗ ಇದೆ, ನನ್ನ ಪಾತ್ರೆಗಳಿಗಿಲ್ಲ” ಎನ್ನುತ್ತಿದ್ದಳು.

ಆ ಹುಚ್ಚಿಗೂ ಒಂದು ಕ್ರಮವಿತ್ತು. ಬಲಗೈಯ ನೆರಳು ಮರಕ್ಕೆ ಹಾಕಿದ ಗುರುತಿನ ಮೇಲೆ ಬೀಳಬಾರದೆಂದು ಕಿಟಕಿಯನ್ನು ಎಡಕ್ಕೆ ಇಟ್ಟಿದ್ದ. ಮರವನ್ನು ಕಚ್ಚಿ ಹಿಡಿಯುವ ವೈಸು ಬೆಂಚಿನ ಎಡತುದಿಗೆ. ದಿನಕ್ಕೆ ನೂರು ಸಲ ಬೇಕಾಗುವ ಸುತ್ತಿಗೆ ಬಲಗೈ ಚಾಚಿದರೆ ಸಿಗುವಲ್ಲಿ, ತಿಂಗಳಿಗೊಮ್ಮೆ ಬೇಕಾಗುವುದು ಮೇಲೆ. ಸ್ಕ್ರೂ ತುಂಬಿದ ಗಾಜಿನ ಬಾಟಲಿಗಳ ಮುಚ್ಚಳಗಳನ್ನು ಶೆಲ್ಫಿನ ಅಡಿಗೆ ಮೊಳೆಯಿಂದ ಬಡಿದು ಬಾಟಲಿಗಳನ್ನು ಕೆಳಗಿನಿಂದ ತಿರುಗಿಸಿ ನೇತುಹಾಕಿದ್ದ. ಬಲಗೈಯಲ್ಲಿ ಒಂದು ತಿರುವು ಕೊಟ್ಟರೆ ಬಾಟಲಿ ಅಂಗೈಗೆ. ಆ ಶೆಡ್ಡಿನಲ್ಲಿ ಅವನು ಕಣ್ಣು ಮುಚ್ಚಿಕೊಂಡು ಕೆಲಸ ಮಾಡಬಲ್ಲವನಾಗಿದ್ದ.

ಅವನ ಒಬ್ಬಳೇ ಮಗಳು ಎಡಚಿ. ಬೇರೆ ಅಪ್ಪಂದಿರಾಗಿದ್ದರೆ ನೋಡಿಯೂ ನೋಡದಂತೆ ಇರುತ್ತಿದ್ದರೇನೋ, ಇವನಿಂದಾಗಲಿಲ್ಲ. ಕಾರ್ಖಾನೆಯಲ್ಲಿ ಇವನ ಪಕ್ಕ ಒಬ್ಬ ಎಡಚನಿದ್ದ. ಒಳ್ಳೆಯ ಕೆಲಸಗಾರ. ಗರಗಸದ ಯಂತ್ರದ ಗುಂಡಿ, ಹಿಡಿ ಎಲ್ಲವೂ ಬಲಗೈಯವರಿಗೆಂದು ಮಾಡಿದ್ದು. ಪಾಪ, ಅವನು ಕೈ ಅಡ್ಡ ಹಾಕಿ ಮರ ತಳ್ಳುತ್ತಿದ್ದ. ಒಂದು ಮಧ್ಯಾಹ್ನ ಅವನ ಮೂರು ಬೆರಳು ಮರದ ಹೊಟ್ಟಿನಲ್ಲಿ ಬಿದ್ದವು. ಆ ಹೊಟ್ಟನ್ನು ಗುಡಿಸಿದವನು ಮೇಸ್ತ್ರಿಯೇ. ಮನೆಗೆ ಬಂದು ನೋಡಿದರೆ ಏಳು ವರ್ಷದ ಮಗಳು ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಕೂತಿದ್ದಾಳೆ. ಅವತ್ತೇ ಶುರು. “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎನ್ನುತ್ತ ಆ ಕೈಗೆ ಕರವಸ್ತ್ರ ಸುತ್ತಿ ಕಟ್ಟಿದ. ಹೆಂಡತಿ ಅಡ್ಡ ಬಂದಾಗ, “ನಿನಗೇನ್ ಗೊತ್ತು? ಲೋಕ ಇರೋದೇ ಬಲಗೈಗೆ” ಎಂದು ಗದರಿದ. ಪ್ರೀತಿಯಿಂದಲೇ ಮಾಡಿದ. ಪ್ರೀತಿಯಿಂದ ಮಾಡುವ ಕೆಟ್ಟ ಕೆಲಸವನ್ನು ತಡೆಯುವವರು ಯಾರೂ ಇರುವುದಿಲ್ಲ, ಅದೇ ತೊಂದರೆ.

ಹುಡುಗಿಗೆ ಶೆಡ್ಡೆಂದರೆ ಪ್ರಾಣ. ಅವಳ ಎಡಗೈಯಲ್ಲಿ ಮೊಳೆ ನೆಟ್ಟಗೆ ಇಳಿಯುತ್ತಿತ್ತು. ಅದನ್ನು ಅವನೂ ಒಂದೆರಡು ಸಲ ಕದ್ದು ನೋಡಿದ್ದ. ಅವಳಿಗೆ ಹತ್ತು ವರ್ಷವಿದ್ದಾಗ, ಒಂದು ರಜೆಯ ದಿನ ಅವನು ಮರ ತರಲು ಹೋಗಿ ಬರುವಷ್ಟರಲ್ಲಿ ಹತಾರಗಳನ್ನೆಲ್ಲ ಇಳಿಸಿ, ಹೊಸ ಮೊಳೆ ಹೊಡೆದು, ತನ್ನ ಕೈಗೆ ಒಗ್ಗುವ ಹಾಗೆ ತೂಗುಹಾಕಿದ್ದಳು. ಗೆರೆ ಒಂದು ಕಡೆ, ಹತಾರ ಇನ್ನೊಂದು ಕಡೆ. “ಅಪ್ಪಾ, ಹಿಂಗಿದ್ರೆ ಎಷ್ಟು ಸಲೀಸು ನೋಡು” ಎಂದು ನಗುತ್ತ ತೋರಿಸಿದಳು. ಇವನಿಗೆ ಕೋಪ ಮೂಗಿನ ತುದಿಯಲ್ಲಿ. ಸ್ಟೀಲಿನ ಅಳತೆಪಟ್ಟಿ ಎತ್ತಿಕೊಂಡ. ಆ ಎಡಗೈಯ ಗೆಣ್ಣುಗಳ ಮೇಲೆ ಎಷ್ಟು ಏಟು ಹಾಕಿದನೋ ಅವನಿಗೇ ಗೊತ್ತಿಲ್ಲ. ಉಂಗುರದ ಬೆರಳು ಮುರಿದಿತ್ತು ಎಂಬುದು ಮೂರನೇ ದಿನ ತಿಳಿಯಿತು. ಅಷ್ಟರಲ್ಲಿ ಅವನು ಹೊಸ ಮೊಳೆಗಳನ್ನೆಲ್ಲ ಕಿತ್ತು, ತೂತುಗಳಿಗೆ ಪುಟ್ಟಿ ತುಂಬಿ, ಮೇಲೆ ಬಿಳಿ ಬಣ್ಣ ಬಳಿದಾಗಿತ್ತು.

ಮಗಳು ಮತ್ತೆ ಶೆಡ್ಡಿಗೆ ಕಾಲಿಡಲಿಲ್ಲ. ಬಲಗೈಯಲ್ಲಿ ಬರೆದಳು, ಬಲಗೈಯಲ್ಲಿ ಉಂಡಳು, ದೊಡ್ಡವಳಾಗಿ ಬಟ್ಟೆ ಕಾರ್ಖಾನೆಯಲ್ಲಿ ಬಲಗೈಯ ಕತ್ತರಿ ಹಿಡಿದು ದುಡಿಯತೊಡಗಿದಳು. ಊರಿನ ಆ ತುದಿಯಲ್ಲಿ ಒಂದು ಕೋಣೆ ಮಾಡಿಕೊಂಡಳು. ಅಮ್ಮನನ್ನು ನೋಡಲು ಬಂದಾಗ ಅಪ್ಪನಿಗೂ ಒಂದು “ಊಟ ಆಯ್ತಾ?” ಎನ್ನುವಳು. ಅಷ್ಟಕ್ಕೆ ಮಾತು ಮುಗಿಯುತ್ತಿತ್ತು.

ಅರವತ್ತೆರಡಕ್ಕೆ ಅವನಿಗೆ ಲಕ್ವ ಹೊಡೆಯಿತು. ಸೊಟ್ಟಗಾದ ಬಾಯಿ ಅರ್ಧ ಸರಿಹೋಯಿತು, ಕಾಲು ಎಳೆದುಕೊಂಡು ನಡೆಯುವಷ್ಟಾಯಿತು. ಬಲಗೈ ಮಾತ್ರ ಒಣಗಲು ಹಾಕಿದ ಬಟ್ಟೆಯ ಹಾಗೆ ನೇತಾಡಿತು. “ಇದು ಇನ್ನು ಇಷ್ಟೇ. ಎಡಗೈ ರೂಢಿ ಮಾಡ್ಕೊಳ್ಳಿ” ಎಂದರು ಡಾಕ್ಟರು. ಅವನು ನೇರ ಶೆಡ್ಡಿಗೆ ಹೋದ. ಸುತ್ತಿಗೆ ಮುಟ್ಟಬೇಕಾದರೆ ಇಡೀ ಮೈ ತಿರುಗಿಸಬೇಕು. ಬಾಟಲಿ ತಿರುಗಿಸಲು ಹೋಗಿ ಬೀಳಿಸಿ ಒಡೆದ. ಕಿಟಕಿಯ ಬೆಳಕಿಗೆ ತನ್ನ ಕೈಯೇ ಅಡ್ಡ ಬಂದು ಗುರುತು ಕಾಣದು. ಕನ್ನಡಿಯಲ್ಲಿ ಕಂಡ ಹಾಗೆ ಬಲದ್ದನ್ನು ಎಡಕ್ಕೆ ಹಾಕಿದರಾಯಿತಲ್ಲ ಎಂದು ನಾಲ್ಕು ದಿನ ಹೆಣಗಿದ. ಒಗ್ಗಲಿಲ್ಲ, ಎಲ್ಲವನ್ನೂ ಹಳೆಯ ಗೆರೆಗೇ ವಾಪಸ್ಸು ಹಾಕಿದ. ಎಡಗೈ ಎಲ್ಲಿಗೆ ಚಾಚುತ್ತದೆ, ಯಾವುದನ್ನು ಮೊದಲು ಹುಡುಕುತ್ತದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಸಾವಿಗೆ ಅವನು ಹೆದರುವವನಲ್ಲ. ಕೆಲಸವಿಲ್ಲದೆ ಕುರ್ಚಿಯಲ್ಲಿ ಕೂತು ದಿನ ದೂಡುವುದಕ್ಕೆ ಮಾತ್ರ ಜೀವ ಹೋಗುವಷ್ಟು ಹೆದರಿದ.

“ಅವಳನ್ನ ಕರಿ” ಎಂದ ಹೆಂಡತಿಗೆ.

“ಯಾವ ಮುಖ ಇಟ್ಕೊಂಡು ಕರೀಲಿ?”

“ನನ್ನ ಮುಖ ಇಟ್ಕೊಂಡೇ ಕರಿ. ಸೊಟ್ಟ ಆಗಿದೆ ಅಂತ ಹೇಳು.”

ರಜೆಯ ದಿನ ಬೆಳಿಗ್ಗೆ ಮಗಳು ಬಂದಳು. ಇಪ್ಪತ್ನಾಲ್ಕು ವರ್ಷದ ಮೇಲೆ ಶೆಡ್ಡಿನ ಹೊಸ್ತಿಲು ದಾಟಿದಳು. ಅವನು ಎಲ್ಲ ಸಿದ್ಧಮಾಡಿಟ್ಟುಕೊಂಡು ಕಾಯುತ್ತಿದ್ದ: ಡಬ್ಬಿಯಲ್ಲಿ ಹೊಸ ಮೊಳೆ, ಗೆರೆ ಎಳೆಯಲು ಕೆಂಪು ಪೇಂಟು, ಸಣ್ಣ ಬ್ರಷ್ಷು.

“ಅವತ್ತು ನೀನು ಹಾಕಿದ್ಯಲ್ಲ, ಹಂಗೇ ಹಾಕ್ಕೊಡು” ಎಂದ. ತಲೆ ಎತ್ತಲಿಲ್ಲ.

ಅವಳು ತುಂಬ ಹೊತ್ತು ಹಲಗೆಯನ್ನೇ ನೋಡಿದಳು. ಆಮೇಲೆ ಕೈ ಚಾಚಿದಳು. ಬಲಗೈ. ಸುತ್ತಿಗೆ ನೇರ ಅವಳ ಅಂಗೈಗೆ ಬಂತು.

“ನೆನಪಿಲ್ಲಪ್ಪ. ಯಾವುದು ಎಲ್ಲಿ ಹಾಕಿದ್ದೆ ಅನ್ನೋದು ಒಂದೂ ನೆನಪಿಲ್ಲ. ಪಟ್ಟಿ ಎಲ್ಲಿತ್ತು ಅನ್ನೋದು ಮಾತ್ರ ನೆನಪಿದೆ” ಎಂದು ಗದ್ದದಿಂದಲೇ ತೋರಿಸಿದಳು. ಅಳತೆಪಟ್ಟಿ ತನ್ನ ಗೆರೆಯೊಳಗೆ ಥಳಥಳ ಹೊಳೆಯುತ್ತ ನೇತಾಡುತ್ತಿತ್ತು. ಅದನ್ನಾದರೂ ಮುಚ್ಚಿಡಬಾರದಿತ್ತೇ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಆದರೂ ಆಸೆ ಬಿಡದು. “ಎಡಗೈಗೆ ತಗೋ ಮಗಾ. ತಲೆ ಮರೆತರೂ ಕೈ ಮರೆಯಲ್ಲ” ಎಂದ. ಜೀವನವಿಡೀ ಅವನು ನಂಬಿದ್ದ ಮಾತು ಅದು.

ಅವಳು ಸುತ್ತಿಗೆಯನ್ನು ಎಡಗೈಗೆ ಬದಲಿಸಿದಳು. ಸೊಟ್ಟ ಉಂಗುರದ ಬೆರಳು ಹಿಡಿಯ ಸುತ್ತ ಮಡಚಲಿಲ್ಲ. ಹಲಗೆಗೆ ಮೊಳೆ ಇಟ್ಟು ಹೊಡೆದಳು, ಬಗ್ಗಿತು. ಇನ್ನೊಂದು ಇಟ್ಟಳು, ಅದೂ ಬಗ್ಗಿತು. ಮೂರನೆಯದಕ್ಕೆ ಏಟು ಜಾರಿ ಮೊಳೆ ಹಿಡಿದಿದ್ದ ಬೆರಳಿಗೇ ಬಿತ್ತು, ಮೊಳೆ ಅರ್ಧಕ್ಕೆ ಓರೆಯಾಗಿ ನಿಂತಿತು. ಅವಳು ಅಳಲಿಲ್ಲ. ಬೆರಳನ್ನು ಬಾಯಲ್ಲಿಟ್ಟುಕೊಂಡು, ತೆಗೆದು, ಸಣ್ಣಗೆ ನಕ್ಕಳು.

“ನಿನ್ನ ಕೆಲಸ ಅಂದ್ರೆ ಅಚ್ಚುಕಟ್ಟಪ್ಪ. ಒಂದು ಚೂರೂ ಉಳಿಸಿಲ್ಲ.”

“ತಪ್ಪಾಯ್ತು ಕಣೇ” ಎಂದ. ಸೊಟ್ಟ ಬಾಯಲ್ಲಿ ಆ ಮಾತು ಸರಿಯಾಗಿ ಹೊರಳಲಿಲ್ಲ, ಆದರೆ ಅವಳಿಗೆ ಕೇಳಿಸಿತು.

“ಹೂಂ” ಎಂದಳು. ಸುತ್ತಿಗೆಯನ್ನು ಬಲಗೈಯಲ್ಲಿ ಹಿಡಿದು, ಅದರ ಕೆಂಪು ಗೆರೆಯೊಳಗೆ ಕೂದಲೆಳೆಯಷ್ಟೂ ತಪ್ಪದಂತೆ ತೂಗುಹಾಕಿ, ಅಮ್ಮನ ಹತ್ತಿರ ಒಳಗೆ ಹೋದಳು.

ಬಗ್ಗಿದ ಮೂರು ಮೊಳೆಗಳನ್ನು ಕೀಳಲು ಅವನು ಎಡಗೈಯಲ್ಲಿ ಇಕ್ಕಳ ಹಿಡಿದುಕೊಂಡ. ಸಂಜೆಯ ತನಕ ಹೆಣಗಿದರೂ ಒಂದೇ ಒಂದು ಬಂತು.