ಒಂದೂವರೆ ಪೌಂಡಿನ ಕೊರತೆ

ಹೆಂಗಸರು ದುಡಿಮೆಗಾಗಿ ಬಾಕ್ಸಿಂಗ್ ಆಡಬಹುದೆಂದು ಅಮೆರಿಕದ ಗಂಡಸರು ಒಪ್ಪಿಕೊಂಡು ಆಗಿನ್ನೂ ಕೆಲವೇ ವರ್ಷಗಳಾಗಿದ್ದವು. ಒಪ್ಪಿಗೆ ಎಂದರೆ ಪೂರ್ತಿ ಮನಸ್ಸಿನದಲ್ಲ. ಗಂಡಸರಿಗೆ ಒಂದು ಸುತ್ತಿಗೆ ಮೂರು ನಿಮಿಷ, ಹೆಂಗಸರಿಗೆ ಎರಡು. ಸುಸ್ತಾಗಿಬಿಡುತ್ತಾರಂತೆ, ಪಾಪ.

ಡೆಟ್ರಾಯಿಟ್ ಸುತ್ತಮುತ್ತ ಕಾರಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಎಂಬತ್ತರ ದಶಕದ ಆರಂಭ ಅದು. ಆಸ್ಪತ್ರೆಯಲ್ಲಿ ನನ್ನ ಡ್ಯೂಟಿಯೂ ಅರ್ಧಕ್ಕೆ ಇಳಿದಿತ್ತು. ಪಂದ್ಯಕ್ಕೆ ಮುಂಚೆ ಹೆಂಗಸರನ್ನು ಪರೀಕ್ಷಿಸಲು ಗಂಡು ಡಾಕ್ಟರುಗಳಿಗೆ ಮರ್ಯಾದೆ ಅಡ್ಡ ಬಂತು. ನನಗೆ ಬರಲಿಲ್ಲ; ನಮ್ಮಜ್ಜಿಯ ಮಾತಲ್ಲಿ ಹೇಳುವುದಾದರೆ ನಾನು ಮೊದಲಿನಿಂದಲೂ ಸ್ವಲ್ಪ ಬಜಾರಿ.

ಆ ಶನಿವಾರ ಬೆಳಿಗ್ಗೆ ಡೆಟ್ರಾಯಿಟ್ ಪಕ್ಕದ ಲಿವೋನಿಯಾದ ಒಂದು ಹಾಲ್‌ನಲ್ಲಿ ತೂಕ ನೋಡುವ ಶಾಸ್ತ್ರ. ನನ್ನ ಮುಂದೆ ನಿಂತವಳು ಕಾರ್ಖಾನೆಯಲ್ಲಿ ದಿನಕ್ಕೆ ಎಂಟು ಗಂಟೆ ಕಾರಿನ ಬಾಗಿಲು ಜೋಡಿಸಿಯೂ ಸುಸ್ತಾಗದ ಹುಡುಗಿ. ಈಗ ಕೆಲಸ ಹೋಗಿತ್ತು. ಹಿಂದೆ ಮೂರು ಸಲ ರಿಂಗ್ ಹತ್ತಿದ್ದಳು. ಮೂರು ಸಲವೂ ಅದನ್ನು ‘ಪ್ರದರ್ಶನ’ ಎಂದು ಬರೆದುಕೊಂಡಿದ್ದರು. ಪ್ರದರ್ಶನದಲ್ಲಿ ಗೆಲುವಿಲ್ಲ, ಸೋಲಿಲ್ಲ, ದಾಖಲೆಯಲ್ಲಿ ಹೆಸರೂ ಇಲ್ಲ. ಮೂಗಿಗೆ ಬಿದ್ದ ಗುದ್ದು ಮಾತ್ರ ಅಸಲಿ. ಈ ಸಲ ನಿಜವಾದ ಪಂದ್ಯ ಎಂದಿದ್ದರು. ಶಿಕಾಗೋ ಕಡೆಯಿಂದ ಎದುರಾಳಿಯೂ ಬಂದಿದ್ದಳು.

ಇಬ್ಬರ ತೂಕದ ಅಂತರಕ್ಕೆ ಒಂದು ಮಿತಿ ಇತ್ತು. ಅದರೊಳಗೆ ಬರಲು ನಮ್ಮ ಹುಡುಗಿಗೆ ಒಂದೂವರೆ ಪೌಂಡ್ ಸಾಲದಾಯಿತು. ಅವಳ ಸುರಕ್ಷತೆಯ ಚಿಂತೆಯಲ್ಲಿ, ತೂಕ ಬರೆದುಕೊಳ್ಳುತ್ತಿದ್ದ ಬಾಕ್ಸಿಂಗ್ ಅಧಿಕಾರಿಗೆ ಕಣ್ಣೀರು ಬರುವುದೊಂದು ಬಾಕಿ. ಬೇಜಾರು ಬೇಡ, ಇದನ್ನೂ ಪ್ರದರ್ಶನ ಅಂತಲೇ ಮಾಡಿಬಿಡೋಣ ಎಂದ. ಹುಡುಗಿ ನನ್ನ ಮುಖ ನೋಡಿದಳು. ಮತ್ತೆ ತೂಗಲು ಒಂದು ಗಂಟೆ ಕೊಡಿ ಎಂದು ಕೇಳಿದೆ. ಕೊಟ್ಟ.

ಅವಳ ತರಬೇತುದಾರನಿಗೆ ತೂಕ ಇಳಿಸುವ ಹತ್ತು ವಿದ್ಯೆ ಗೊತ್ತಿತ್ತು, ಏರಿಸುವುದು ಒಂದೂ ಗೊತ್ತಿರಲಿಲ್ಲ. ನಮ್ಮ ಕಡೆಯವರಿಗೆ ಗೊತ್ತಿರುವುದೇ ಅದೊಂದು. ಮಧ್ಯಾಹ್ನ ಪಕ್ಕದೂರು ಕ್ಯಾಂಟನ್‌ನಲ್ಲಿ ಕನ್ನಡದವರ ಪಾಟ್‌ಲಕ್ ಇತ್ತು, ಮನೆಗೊಂದು ಅಡುಗೆ ತಂದು ಹಂಚಿ ಉಣ್ಣುವ ಕೂಟ. ಮೊಸರನ್ನದ ದೊಡ್ಡ ಪಾತ್ರೆ ಕಾರಿನಲ್ಲಿತ್ತು, ಅದನ್ನು ಕಾಯುತ್ತ ನಮ್ಮ ಯಜಮಾನರೂ ಇದ್ದರು.

“ಇಪ್ಪತ್ತು ಜನಕ್ಕೆ ಮಾಡಿರೋದು ಕಣೇ ಅದು.”

“ಒಬ್ಬಳು ತಿಂದ್ರೆ ಮುಗಿದುಹೋಗಲ್ಲ, ಬಿಡ್ರೀ.”

ಹುಡುಗಿ ಶುಂಠಿ ಚೂರನ್ನು ಅನುಮಾನದಿಂದ ನೋಡಿದಳು, ಆಮೇಲೆ ತಿಂದಳು. ಡಾಕ್ಟರಾಗಿ ನಾನು ಒಂದೂವರೆ ಪೌಂಡಿಗೆ ನಿಲ್ಲಿಸಬೇಕಿತ್ತು. ಆದರೆ ತಟ್ಟೆ ಖಾಲಿಯಾದರೆ ನಮ್ಮಲ್ಲಿ ಕೈ ಯಾರನ್ನೂ ಕೇಳಿ ಬಡಿಸುವುದಿಲ್ಲ. ಬೇಡ ಎಂದರೆ ನಾಚಿಕೆ ಎಂದೇ ಅರ್ಥ. ಅವಳೋ, ಡಾಕ್ಟರು ಬಡಿಸಿದ್ದು ಔಷಧಿ ಎಂದುಕೊಂಡು ಪೂರ್ತಿ ಮುಗಿಸಿದಳು. ಮತ್ತೆ ತೂಗಿದಾಗ ಎರಡೂವರೆ ಪೌಂಡ್ ಏರಿತ್ತು. ಅಧಿಕಾರಿ ಯಂತ್ರವನ್ನೇ ಎರಡು ಸಲ ತಟ್ಟಿ ನೋಡಿದ.

ಸಂಜೆಯ ಪಂದ್ಯದಲ್ಲಿ ಮೊದಲ ಎರಡು ಸುತ್ತು ಅವಳು ಮದುವೆಯೂಟ ಮುಗಿಸಿದ ಬೀಗರಂತೆ ಓಡಾಡಿದಳು. ಕೊನೆಯ ಎರಡರಲ್ಲಿ ಚುರುಕಾದಳು, ಆದರೆ ಹೊತ್ತು ಮೀರಿತ್ತು. ತೀರ್ಪು ಶಿಕಾಗೋದವಳ ಕಡೆಗಾಯಿತು.

ರಿಂಗ್‌ನಿಂದ ಕೆಳಗಿಳಿದ ನಮ್ಮ ಹುಡುಗಿಯ ತುಟಿ ಒರೆಸುತ್ತ, ಸೋತಿದ್ದು ನೀನಲ್ಲ, ನನ್ನ ಮೊಸರನ್ನ, ತಪ್ಪಾಯಿತು ಎಂದೆ. ಅವಳ ಕಣ್ಣು ಅಧಿಕಾರಿಯ ಕೈಯಲ್ಲಿದ್ದ ಕಾಗದದ ಮೇಲಿತ್ತು.

“ಏನು ಬರೆದ, ನೋಡಿ ಡಾಕ್ಟರ್.”

ನೋಡಿ ಬಂದೆ. ಅವಳ ಹೆಸರು, ಅದರ ಮುಂದೆ ‘ಸೋಲು’ ಎಂದಿತ್ತು.

“ಪ್ರದರ್ಶನ ಅಂತ ಇಲ್ಲವಲ್ಲ?”

ಇಲ್ಲ ಎಂದೆ. ತರಬೇತುದಾರನನ್ನು ಕೂಗಿ ಕರೆದಳು. ಒಡೆದ ತುಟಿಯಲ್ಲೇ ನಗುತ್ತ, ತಾನು ಸೋತೆನೆಂದು ಅವನಿಗೆ ಹೇಳಿದಳು.