ಅಜ್ಜಂಪುರದ ಕೌಂಟರಿನಲ್ಲೇ ನೋಡೋಣ

ನಿಮ್ಮ ತಾತ ಹೋದ ಮೇಲೆ ನಾನು ಪಂಪ್‌ಸೆಟ್ ಬಿಡಿಭಾಗಗಳ ಮಳಿಗೆಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಮುಖ್ಯ ಮಳಿಗೆ ಕಡೂರಿನಲ್ಲಿ, ಶಾಖೆಗಳು ತರೀಕೆರೆ ಮತ್ತು ಅಜ್ಜಂಪುರದಲ್ಲಿ. ನನ್ನದು ಅಜ್ಜಂಪುರದ ಕೌಂಟರು. ಯಾವ ಊರಿನಲ್ಲಿ ಯಾವ ಸಾಮಾನು ಇದೆ ಎಂಬುದೆಲ್ಲ ಕಡೂರಿನ ಒಳಕೋಣೆಯ ಒಂದು ದೊಡ್ಡ ಕಂಪ್ಯೂಟರಿನಲ್ಲಿರುತ್ತಿತ್ತು. ನಮ್ಮ ಮುಂದೆ ಇದ್ದದ್ದು ಅದರ ಟರ್ಮಿನಲ್ ಮಾತ್ರ. ಕಪ್ಪು ಪರದೆ, ಹಸಿರು ಅಕ್ಷರ, ಭಾರದ ಕೀಬೋರ್ಡು.

ಯಗಟಿ ಶಾಲೆಯ ಏಳನೆಯ ತರಗತಿಗೆ ನನ್ನ ಓದು ಮುಗಿದಿತ್ತು. ಗಿರಾಕಿಯ ಮುಖ ನೋಡಿ ಮಾತಾಡಲು ಸಂಕೋಚ. ಅವರು ಮೇಜಿನ ಮೇಲಿಟ್ಟ ಸವೆದ ಬೇರಿಂಗನ್ನು ನೋಡುತ್ತಲೇ ಟೈಪ್ ಮಾಡುತ್ತಿದ್ದೆ. ಬಲಗಡೆಯ ದೊಡ್ಡ ಕೀಲಿ ಒತ್ತಿದರೆ ಮುಂದಿನ ಖಾನೆ. ಎಲ್ಲ ಖಾನೆ ತುಂಬಿಸಿ ಕೆಳಗಿನ ಚಿಕ್ಕ ಕೀಲಿ ಒತ್ತಿದರೆ ಫಾರಂ ಕಡೂರಿಗೆ ಹೋಗುತ್ತಿತ್ತು. ಅದೆಲ್ಲ ಬೆರಳಿಗೇ ಗೊತ್ತಿತ್ತು.

ಕಾಲ ಕಳೆದಂತೆ ಟರ್ಮಿನಲ್‌ಗಳು ಒಂದೊಂದಾಗಿ ಕೆಟ್ಟವು. ರಿಪೇರಿಗೆ ಭಾಗ ಸಿಗದಾಯಿತು. ದೊಡ್ಡ ಕಂಪ್ಯೂಟರ್ ಹಾಗೆಯೇ ಇರಲಿ, ಟರ್ಮಿನಲ್ ಬದಲು ಥಿನ್ ಕ್ಲೈಂಟ್ ತರೋಣ ಎಂದು ಯಜಮಾನರು ತೀರ್ಮಾನಿಸಿದರು. ಅದು ಊಟದ ಡಬ್ಬಿಯಷ್ಟಿನ ಪೆಟ್ಟಿಗೆ. ಅದರೊಳಗೆ ಹಳೆಯ ಟರ್ಮಿನಲ್ಲಿನ ವೇಷ ಹಾಕುವ ಸಾಫ್ಟ್‌ವೇರ್ ಒಂದು ಬೇಕು. ಮಾರುವವನು ಎರಡು ತಂದು, ಕಡೂರಿನಲ್ಲಿ ನಮ್ಮನ್ನೆಲ್ಲ ಸೇರಿಸಿ ತೋರಿಸಿದ. ಒಂದರಲ್ಲಿ ಬಣ್ಣ, ಚಿತ್ರದ ಗುಂಡಿಗಳು, ಮೌಸ್. ಇನ್ನೊಂದು ನೋಡಲು ಹಳೆಯದರಂತೆಯೇ, ಸಪ್ಪೆ.

ಯಜಮಾನರಿಗೆ ಬಣ್ಣದ್ದು ಹಿಡಿಸಿತು. "ಒಂದು ತಿಂಗ್ಳು ಕೊಡ್ತೀನಿ. ಕಲೀಲಿಲ್ಲ ಅಂದ್ರೆ ಕಾಲೇಜು ಓದಿದೋರ್ನ ತಗೋಬೇಕಾಗ್ತದೆ," ಎಂದರು. ನಿಮ್ಮ ಅಮ್ಮ ಆಗಿನ್ನೂ ಓದುತ್ತಿದ್ದಳು. ನನಗೆ ಆ ಕೆಲಸ ಬಿಟ್ಟರೆ ಬೇರೆ ಇರಲಿಲ್ಲ.

ಬಸ್ಸಿನಲ್ಲಿ ಅಜ್ಜಂಪುರಕ್ಕೆ ವಾಪಸು ಬರುವಾಗ ನನ್ನ ಅಪ್ಪ ನೆನಪಾದರು. ಅವರು ಗೂಟಕ್ಕೆ ಕಟ್ಟಿದ ಕುರಿಯನ್ನು ನೋಡಿ ಎಂದೂ ಕೊಂಡವರಲ್ಲ. ಬಿಚ್ಚಿಸಿ, ಕಲ್ಲುನೆಲದ ಮೇಲೆ ನಡೆಸಿ, ಹಿಂದೆ ನಿಂತು ಕಾಲು ನೋಡುತ್ತಿದ್ದರು. ಮರುದಿನ ಬೆಳಿಗ್ಗೆ ಮೂರು ಸಲ ಮನಸ್ಸಿನಲ್ಲೇ ಹೇಳಿಕೊಂಡು ಯಜಮಾನರಿಗೆ ಫೋನ್ ಮಾಡಿದೆ.

"ಅಜ್ಜಂಪುರದ ಕೌಂಟರಿನಲ್ಲೇ ಒಂದ್ಸಲ ನೋಡೋಣ ಸರ್."

"ಇಲ್ಲಿ ನೋಡಿದ್ದಾಯ್ತಲ್ಲಮ್ಮಾ?"

"ಅಲ್ಲಿ ಜನರೇಟರ್ ಐತೆ ಸರ್. ಇಲ್ಲಿ ಇಲ್ಲ."

ಅವರು ಬಂದರು. ಮಾರುವವನು ಎರಡು ಪೆಟ್ಟಿಗೆಗಳನ್ನೂ ಜೋಡಿಸಿದ. ಅಷ್ಟರಲ್ಲಿ ನಮ್ಮ ಹಳೆಯ ಗಿರಾಕಿಯೊಬ್ಬರು ಪಂಪಿನ ಪೈಪಿನ ಬುಡಕ್ಕೆ ಹಾಕುವ ಫುಟ್‌ವಾಲ್ವ್ ಒಡೆದದ್ದನ್ನು ತಂದಿಟ್ಟು ಎರಡು ಬೇಕೆಂದರು. ನಮ್ಮಲ್ಲಿ ಇರಲಿಲ್ಲ, ತರೀಕೆರೆಯಿಂದ ತರಿಸಬೇಕು. ಬಣ್ಣದ್ದರಲ್ಲಿ ಶುರು ಮಾಡಿದೆ. ಸಾಮಾನಿನ ಸಂಖ್ಯೆ ಹಾಕಿ ದೊಡ್ಡ ಕೀಲಿ ಒತ್ತಿದೆ. ಎಷ್ಟು ಬೇಕೆಂದು ತುಂಬಿಸುವ ಮೊದಲೇ ಫಾರಂ ಹೊರಟುಹೋಯಿತು. ಇನ್ನೊಮ್ಮೆಯೂ ಹಾಗೇ ಆಯಿತು.

"ಆ ಕೀಲಿ ಬೇಡ ಅಕ್ಕ, ಮೌಸ್ ಹಿಡೀರಿ," ಎಂದ ಮಾರುವವನು.

ಹಿಡಿದೆ. ಖಾನೆ ಹುಡುಕಿ ಹುಡುಕಿ ಒತ್ತಿದೆ. ಗಿರಾಕಿ ಬೆಂಚಿನಿಂದ, "ಏನವ್ವಾ, ಕೋಳಿ ಕಾಳು ಕುಕ್ಕಿದಂಗೆ ಕುಕ್ತಿದ್ದೀಯ? ತೋಟ ಒಣಗ್ತೈತೆ ಕಣವ್ವಾ," ಎಂದರು.

ಆ ಫಾರಂ ಅರ್ಧದಲ್ಲಿರುವಾಗಲೇ ಎದ್ದು ಸಪ್ಪೆಯದರ ಮುಂದೆ ಕೂತೆ. "ಇದರಲ್ಲಿ ಕೀಲಿಗಳ್ನ ನಮಗೆ ಬೇಕಾದಂಗೆ ಬದಲಾಯಿಸ್ಬೋದಾ?" ಎಂದು ಕೇಳಿದೆ. ಬದಲಾಯಿಸಬಹುದು ಎಂದು ಅವನು ದೊಡ್ಡ ಕೀಲಿಯನ್ನು ಅಲ್ಲೇ ಸರಿಪಡಿಸಿಕೊಟ್ಟ. ಸಾಮಾನಿನ ಸಂಖ್ಯೆ, ಶಾಖೆ ತುಂಬಿಸಿದ್ದೆ. ದಿನವೂ ಹೋಗುವಂತೆ ಕರೆಂಟು ಹೋಯಿತು.

ಕರೆಂಟು ಬಂದಾಗ ಬಣ್ಣದ್ದು ಮೊದಲಿನಿಂದ ಪಾಸ್‌ವರ್ಡ್ ಕೇಳಿತು. ಅರ್ಧ ಫಾರಂ ಮಾಯ. ಸಪ್ಪೆಯದು ಕಡೂರಿನ ಕಂಪ್ಯೂಟರಿಗೆ ತನ್ನ ಹೆಸರು ಹೇಳಿಕೊಂಡು, ನಾನು ಬಿಟ್ಟ ಖಾನೆಗೇ ಬಂದು ನಿಂತಿತು. ತುಂಬಿಸಿದ್ದು ಒಂದೂ ಹೋಗಿರಲಿಲ್ಲ.

ಯಜಮಾನರು ಎರಡನ್ನೂ ನೋಡಿದರು. "ಆದ್ರೂ ಬಣ್ಣದ್ದು ಗಿರಾಕಿಗಳ ಕಣ್ಣಿಗೆ ಚೆಂದ ಕಾಣ್ತದಲ್ಲಮ್ಮಾ."

"ಅವ್ರಿಗೆ ಪರದೆ ಕಾಣಲ್ಲ ಸರ್. ಅದು ನನ್ನ ಕಡೆಗೆ ತಿರುಗೈತೆ."

ಹೇಳಿ ತಲೆ ತಗ್ಗಿಸಿದೆ. ಗಿರಾಕಿ ನಕ್ಕರು. ಯಜಮಾನರೂ ನಕ್ಕು, "ಇದನ್ನೇ ಮೂರೂ ಊರಿಗೆ ಹಾಕಪ್ಪಾ," ಎಂದರು.

ಮಾರುವವನು ಕಾಗದ ಹಿಡಿದು, ಯಾವ ಕೀಲಿ ಎಲ್ಲಿರಬೇಕು ಹೇಳಿ ಅಕ್ಕ ಎಂದ. ಬಾಯಲ್ಲಿ ಹೇಳಲು ನನಗೆ ಬರಲಿಲ್ಲ. ಮೂಲೆಯಲ್ಲಿದ್ದ ಹಳೆಯ ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳು ಹೋದ ಕಡೆಯೆಲ್ಲ ನೋಡಿ ಒಂದೊಂದಾಗಿ ಬರೆಸಿದೆ. ಒಂದೂವರೆ ಪುಟ ಆಯಿತು. ತರೀಕೆರೆ, ಕಡೂರಿನ ಕೌಂಟರುಗಳಿಗೂ ಅದೇ ಪಟ್ಟಿ ಹೋಯಿತು.

ಆದರೆ ಅದಕ್ಕೆ ಮೊದಲು ಅರ್ಧಕ್ಕೆ ನಿಂತ ಫಾರಂ ಮುಗಿಸಬೇಕಿತ್ತು. ಖಾನೆಯಲ್ಲಿ ಎರಡು ಎಂದು ಹಾಕಿ ಚಿಕ್ಕ ಕೀಲಿ ಒತ್ತಿದೆ. "ಸಾಯಂಕಾಲದ ಬಸ್ಸಿಗೆ ಬತ್ತವೆ," ಎಂದು ಗಿರಾಕಿಗೆ ಹೇಳಿದೆ.