ಮಾಮಾನ ಮೇಲೆ ಹೊರಿಸಿದ ಡುಪ್ಲೆಕ್ಸರ್

ಇವತ್ತು ಮುಂಜಾನೆ ಶಿಗ್ಗಾಂವಿ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಆರು ಹಾಲಿನ ಕ್ಯಾನು ಸಾಲಾಗಿ ಇಟ್ಟಿದ್ದರು. ಕಂಡದ್ದೇ ತಡ, ನನ್ನ ಸೊಂಟ ನೋಯತೊಡಗಿತು. ನಗಬೇಡಿ. ಹೆಚ್ಚುಕಮ್ಮಿ ಅಷ್ಟೇ ಎತ್ತರದ ಆರು ಡಬ್ಬಿಗಳನ್ನು ದುಂಡಸಿಯ ಅಕ್ಕನ ಮನೆ ಮಾಳಿಗೆಗೆ ಹೊತ್ತವನು ನಾನು.

ಆಗ ನಮಗೆ ಹ್ಯಾಮ್ ರೇಡಿಯೋದ, ಅಂದರೆ ಲೈಸನ್ಸ್ ಪಡೆದು ಮನೆಯಿಂದಲೇ ಊರೂರಿನವರ ಜೊತೆ ಮಾತಾಡುವ ಹವ್ಯಾಸದ ಹುಚ್ಚು. ಹಾನಗಲ್, ಸವಣೂರು, ಹಿರೇಕೆರೂರಿನ ಗೆಳೆಯರು ಮತ್ತು ನಾನು ಸೇರಿ ಒಂದು ರಿಪೀಟರ್ ಕಟ್ಟಿದ್ದೆವು. ದೂರದವರ ಮಾತು ಕೇಳಿ, ಕೇಳುತ್ತಲೇ ಅದನ್ನು ಜೋರಾಗಿ ಮತ್ತೆ ಹೇಳುವ ಯಂತ್ರ ಅದು. ಬಾಯಿಗೂ ಕಿವಿಗೂ ಒಂದೇ ಏರಿಯಲ್. ತನ್ನ ದನಿಗೆ ತಾನೇ ಕಿವುಡಾಗದಂತೆ ನಡುವೆ ನಿಂತು ಕಾಯುವ ಡಬ್ಬಿಗಳೇ ಡುಪ್ಲೆಕ್ಸರ್. ಇಷ್ಟನ್ನು ಅಕ್ಕನಿಗೆ ವಿವರಿಸಿದರೆ ಆಕೆ ರೊಟ್ಟಿ ಬಡಿಯುತ್ತಲೇ, “ಅಂಥಾದ್ದೊಂದು ನಿಮ್ಮ ಮಾಮಾಗೂ ಹಚ್ಚೋ,” ಅಂದಳು.

ಮಾಮಾ, ಅಂದರೆ ಅಕ್ಕನ ಗಂಡ, ಮಾತಿಗೆ ನಿಂತರೆ ದುಂಡಸಿಯ ಬಸ್ಸೂ ಕಾಯಬೇಕು. ಡಬ್ಬಿಯ ನೆತ್ತಿಯ ಮೇಲಿನ ಸರಳನ್ನು ಕೂದಲೆಳೆಯಷ್ಟು ತಿರುಗಿಸಿ, ಮೀಟರಿನ ಗೆರೆ ಸರಿಯಾದ ಜಾಗದಲ್ಲಿ ಕುಸಿಯುವಂತೆ ಮಾಡುವುದು ನಮ್ಮ ಕೆಲಸ. ಅದು ಕುಸಿಯಿತೆಂದು ನಟ್ಟು ಬಿಗಿದರೆ ಗೆರೆ ಮತ್ತೆ ಸರಿಯುತ್ತಿತ್ತು. ಸವಣೂರಿನ ಗಫೂರಸಾಬ್ ಉಸಿರು ಬಿಗಿಹಿಡಿದು ತಿರುಗಿಸಿದರೆ ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಮಾಮಾ ಮಾತ್ರ ಇಬ್ಬರ ಉಸಿರನ್ನೂ ತಾನೇ ಬಳಸಿಕೊಂಡು ಶೇಂಗಾ ಬೆಳೆಯ ಕತೆ ಹೇಳುತ್ತಿದ್ದ. ಒಮ್ಮೆ ಚಹಾದ ಕಪ್ಪನ್ನೂ ಡಬ್ಬಿಯ ಮೇಲೇ ಇಟ್ಟ.

“ಮುಟ್ಟಬ್ಯಾಡ್ರಿ ಮಾಮಾ!”

“ಕಪ್ಪು ಮುಟ್ಟೇತಿ, ನಾ ಎಲ್ಲಿ ಮುಟ್ಟೇನಿ?”

ಮೂರನೆಯ ದಿನ ಎಲ್ಲ ಜೋಡಿಸಿ ಕರೆದೆವು. ಹಾನಗಲ್ಲಿಂದ ಉತ್ತರವಿಲ್ಲ, ಹಿರೇಕೆರೂರಿಂದಲೂ ಇಲ್ಲ. ಬರೀ ಗೊರಗೊರ. ನನ್ನ ತಲೆ ಕೆಟ್ಟಿತು. “ಎಲ್ಲಾ ನಿಮ್ಮಿಂದನ! ಮುಟ್ಟಬ್ಯಾಡ ಅಂದ್ರೂ ಮುಟ್ಟಿದ್ರಿ!” ಎಂದು ಕೂಗಿಬಿಟ್ಟೆ.

ಮಾಮಾ ಒಂದೂ ಮಾತಾಡದೆ ಕೆಳಗಿಳಿದು ದನದ ಕೊಟ್ಟಿಗೆಗೆ ಹೋಗಿ ಕುಳಿತ. ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಅಕ್ಕ ಎರಡು ಸಲ ಹೋಗಿ ಬಂದು, “ಎಮ್ಮೆನೂ ಗಾಬರಿ ಆಗೇತಿ. ಅದು ಅವ್ರನ್ನ ಇಷ್ಟು ಸುಮ್ಮನ ನೋಡೇ ಇಲ್ಲ,” ಅಂದಳು. ಆಕೆಯ ಕಣ್ಣಲ್ಲಿ ನೀರಿತ್ತು. ನಾನು ತಾಟು ಸರಿಸಿ ಎದ್ದೆ.

ಅಷ್ಟರಲ್ಲಿ ಮಾಳಿಗೆಯಿಂದ ಗಫೂರಸಾಬ್ ಮೆಲ್ಲಗೆ ಕರೆದರು. “ಇಲ್ಲಿ ಬರ್ರಿ. ಹೇಳೋ ವೈರು ಕೇಳೋ ಡಬ್ಬಿಗೆ ಹೋಗೇತಿ, ಕೇಳೋದು ಹೇಳೋದಕ್ಕ. ಡಬ್ಬಿಗೆ ಹೆಸರಿನ ಚೀಟಿ ಹಚ್ಚಿದವ್ರು ಯಾರ್ರಿ?”

ಚೀಟಿಯ ಮೇಲಿನ ಅಕ್ಷರ ನನ್ನದೇ.

ವೈರು ಬದಲಿಸಿದೆವು. ಗಫೂರಸಾಬ್ ಒಂದು ಕೈಸೆಟ್, ಅಂದರೆ ಅಂಗೈಯಗಲದ ರೇಡಿಯೋ, ಹಿಡಿದು ಕೊಟ್ಟಿಗೆಗೆ ಹೋಗಿ ಮಾಮಾನ ಮಗ್ಗುಲಲ್ಲಿ ನಿಂತರು. ಎದುರು ನಿಂತು ಹೇಳುವ ಧೈರ್ಯ ನನಗಿರಲಿಲ್ಲ. ಮಾಳಿಗೆ ಮೇಲೆ ನಿಂತು ನನ್ನ ಸೆಟ್ಟಿನ ಬಟನ್ ಒತ್ತಿದೆ. “ಮಾಮಾ, ತಪ್ಪು ನಂದು. ನೀವೇನೂ ಮಾಡಿಲ್ಲ. ತಪ್ಪಾತ್ರಿ.”

ಬಟನ್ ಬಿಟ್ಟೆ. ಆಮೇಲೆ ಸೆಟ್ಟಿನಲ್ಲಿ ಖಣಖಣ ದನಿ ಬಂತು. “ಹಾನಗಲ್ಲಿಗೆ ಭಾಳ ಸ್ವಚ್ಛ ಕೇಳಾಕತ್ತೇತ್ರಿ! ತಪ್ಪು ಯಾರದಂದ್ರಿ?” ಅದರ ಬೆನ್ನಿಗೇ ಹಿರೇಕೆರೂರು. “ನಮಗೂ ಕೇಳೇತಿ. ಅಂವಂದ ಅಂತ.”

ಕೊಟ್ಟಿಗೆಯಿಂದ ಮಾಮಾನ ಕೂಗು ಬಂತು. ಅದಕ್ಕೆ ಯಾವ ರಿಪೀಟರೂ ಬೇಕಿರಲಿಲ್ಲ. “ಇನ್ನೊಮ್ಮೆ ಹೇಳಂತ ಹೇಳ್ರಿ ಅಂವಗ! ಸವಣೂರಿಗೆ ಮುಟ್ಟೇತೋ ಇಲ್ಲೋ!”

ಸವಣೂರು ಅವನ ಮಗ್ಗುಲಲ್ಲೇ ನಿಂತಿತ್ತು. ಆದರೂ ಇನ್ನೊಮ್ಮೆ ಹೇಳಿದೆ. ಅಕ್ಕ ನಗುತ್ತ ತಾಟು ಹಾಕಿದಳು.

ಮುಂದಿನ ವರ್ಷ ಮಾಮಾ ಹ್ಯಾಮ್ ಪರೀಕ್ಷೆಗೆ ಕೂತು ಲೈಸನ್ಸ್ ತಗೊಂಡ. ಈಗ ಅವನ ಮಾತನ್ನು ನಾಲ್ಕೂ ತಾಲೂಕು ಕೇಳಬೇಕು. ಇವತ್ತು ಬಸ್ಸಿನಲ್ಲಿ ಕೂತು ನನ್ನ ಕೈಸೆಟ್ ಹಚ್ಚಿದರೆ, ಆಗಲೇ ಮೆಣಸಿನಕಾಯಿ ಸಸಿಯ ಮೇಲೆ ಅವನ ಭಾಷಣ ನಡೆದಿತ್ತು. ಮೊದಲಾಗಿದ್ದರೆ ನಡುವೆ ಬಾಯಿ ಹಾಕುತ್ತಿದ್ದೆ. ಹಾಕಲಿಲ್ಲ. ಹುಳದ ಔಷಧದವರೆಗೂ ಕೇಳಿದೆ.

ಕೊನೆಗೆ ಅವನಿಗೇ ಸಂಶಯ ಬಂತು. “ಏನೋ ತಮ್ಮಾ, ಸುಮ್ಮನ ಅದಿಯಲ್ಲ? ಮಷೀನ್ ಕೆಟ್ಟೇತೇನು?”

“ಇಲ್ರಿ ಮಾಮಾ,” ಅಂದೆ. “ಕೇಳಾಕತ್ತೇನಿ.”